ತಾನಾಗಿ ನಿಲ್ಲುವ ಯಂತ್ರಗಳ ಚರಿತ್ರೆ



ಯಂತ್ರವೊಂದು ಕೆಲಸದ ನಡುವೆ ಹೇಳದೆ ಕೇಳದೆ ನಿಂತುಹೋದರೆ ಅದು ಕೆಟ್ಟುಹೋಯಿತೆಂದು ನಾವು ತೀರ್ಮಾನಿಸುತ್ತೇವೆ. ಈ ತೀರ್ಮಾನವು ಎಲ್ಲ ಸಂದರ್ಭಗಳಲ್ಲಿಯೂ ಸರಿಯಲ್ಲ. ನಿಲ್ಲುವುದರಲ್ಲಿ ಮೂರು ಬಗೆಗಳುಂಟು. ಒಳಗಿನ ಭಾಗವೊಂದು ಮುರಿದೋ ಸುಟ್ಟೋ ನಿಲ್ಲುವುದು ಮೊದಲನೆಯದು. ಇಂಧನವಾಗಲಿ ವಿದ್ಯುತ್ತಾಗಲಿ ಒದಗದೆ ನಿಲ್ಲುವುದು ಎರಡನೆಯದು. ಇನ್ನೂ ಮುಂದುವರಿದರೆ ತನಗೂ ತನ್ನನ್ನು ಬಳಸುವವರಿಗೂ ಅಪಾಯವೆಂದು ಯಂತ್ರದೊಳಗಿನ ಕಾವಲುಗಾರನೇ ಅದನ್ನು ನಿಲ್ಲಿಸುವುದು ಮೂರನೆಯದು. ಈ ಮೂರನೆಯ ಬಗೆಗೆ ಇನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಉಗಿಯಂತ್ರ ಬಂತು, ವಿದ್ಯುತ್ತು ಬಂತು, ಗಣಕಯಂತ್ರ ಬಂತು ಎಂಬ ಯಶಸ್ಸಿನ ಕಥೆ ಇರುತ್ತದೆಯೇ ಹೊರತು, ಅವುಗಳನ್ನು ಸಕಾಲದಲ್ಲಿ ನಿಲ್ಲಿಸುವ ವಿದ್ಯೆಯನ್ನು ಮನುಷ್ಯನು ಹೇಗೆ ಕಲಿತನೆಂಬ ಕಥೆ ಇರುವುದಿಲ್ಲ. ಅದನ್ನು ಇಂದು ನಿಮ್ಮ ಮುಂದಿಡುತ್ತೇನೆ. ನಮ್ಮ ಮನೆತನಕ್ಕೆ ಸಂಬಂಧಿಸಿದ ಒಂದು ವಿಷಯವೂ ಇದರೊಳಗೆ ಬರುವುದರಿಂದ ಬಂಧುಗಳು ಕೊನೆಯವರೆಗೆ ಓದಬೇಕೆಂದು ವಿನಂತಿ.

ಉಗಿಯಿಂದಲೇ ಆರಂಭಿಸೋಣ. ಫ್ರಾನ್ಸಿನ ಡೆನಿ ಪಾಪಿನ್ ಎಂಬ ವಿಜ್ಞಾನಿಯು 1679ರಲ್ಲಿ ಲಂಡನ್ನಿನಲ್ಲಿ ಬಿಗಿಯಾದ ಮುಚ್ಚಳವುಳ್ಳ ಒಂದು ಪಾತ್ರೆಯನ್ನು ಪ್ರದರ್ಶಿಸಿದನು. ಒಳಗಿನ ಉಗಿ ಹೊರಹೋಗದಂತೆ ತಡೆದರೆ ಎಲುಬು ಕೂಡ ಮೆತ್ತಗೆ ಬೇಯುತ್ತದೆ ಎಂಬುದು ಅವನ ಸಂಶೋಧನೆ. ಆದರೆ ಉಗಿಯ ಒತ್ತಡ ಮಿತಿಮೀರಿದರೆ ಪಾತ್ರೆಯೇ ಸಿಡಿಯುವುದು. ಆದ್ದರಿಂದ ಅವನು ಒಂದು ರಂಧ್ರವನ್ನು ಮಾಡಿ, ಅದರ ಮುಚ್ಚಳದ ಮೇಲೆ ಸನ್ನೆಯ ಮೂಲಕ ತೂಕವನ್ನು ಹೇರಿದನು. ಒತ್ತಡವು ತೂಕವನ್ನು ಮೀರಿದೊಡನೆ ಮುಚ್ಚಳ ಮೇಲೆದ್ದು ಉಗಿ ಹೊರನುಗ್ಗುತ್ತಿತ್ತು. ನಮ್ಮ ಮನೆಯ ಹೆಂಗಸರು ಪ್ರತಿನಿತ್ಯ ಕುಕ್ಕರಿನ ತಲೆಯ ಮೇಲೆ ಇಡುವ ತೂಕವು ಪಾಪಿನ್ನನ ಈ ಉಪಾಯದ ವಂಶದ್ದೇ.

ಆ ಬಳಿಕ ಶತಮಾನವೊಂದು ಕಳೆದು, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ರಿಚರ್ಡ್ ಟ್ರೆವಿಥಿಕ್ ಎಂಬುವನು ಹೆಚ್ಚಿನ ಒತ್ತಡದ ಉಗಿಯಂತ್ರಗಳನ್ನು ನಿರ್ಮಿಸತೊಡಗಿದನು. 1803ರಲ್ಲಿ ಲಂಡನ್ ಬಳಿಯ ಗ್ರೀನಿಚ್‌ನಲ್ಲಿ ಅವನ ಯಂತ್ರವೊಂದರ ಬಾಯ್ಲರ್ ಸಿಡಿದು ಪ್ರಾಣಹಾನಿಯಾಯಿತು. ನೋಡಿಕೊಳ್ಳುವವರ ಅಲಕ್ಷ್ಯವೇ ಇದಕ್ಕೆ ಕಾರಣವೆಂದು ಟ್ರೆವಿಥಿಕ್ ವಾದಿಸಿದನು. ಆದರೆ ಅವನು ವಾದದಲ್ಲಿಯೇ ನಿಲ್ಲಲಿಲ್ಲ ಎಂಬುದು ಅವನ ದೊಡ್ಡತನ. ಅಲಕ್ಷ್ಯ ಮಾಡುವುದು ಮನುಷ್ಯನ ಸ್ವಭಾವವೇ ಆದ ಮೇಲೆ ಯಂತ್ರಕ್ಕೇ ಒಬ್ಬ ಕಾವಲುಗಾರನನ್ನು ಕೊಡಬೇಕೆಂದು ಅವನು ಯೋಚಿಸಿದನು. ಬಾಯ್ಲರಿನ ತಳದಲ್ಲಿ ರಂಧ್ರವೊಂದನ್ನು ಕೊರೆದು ಅದನ್ನು ಸೀಸದ ಬಿರಟೆಯಿಂದ ಮುಚ್ಚಿದನು. ಮೇಲೆ ನೀರಿರುವವರೆಗೆ ಸೀಸ ಕರಗುವಷ್ಟು ಕಾಯುವುದಿಲ್ಲ. ನೀರು ಬತ್ತಿ ತಳ ಬರಿದಾದರೆ 327 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸೀಸ ಕರಗುತ್ತದೆ; ಉಗಿ ಕೆಳಗಿನ ಬೆಂಕಿಯತ್ತ ನುಗ್ಗಿ ಒತ್ತಡ ಇಳಿಯುತ್ತದೆ. ಯಂತ್ರ ನಿಂತಿತು, ಜನ ಉಳಿದರು. ಕುಕ್ಕರಿನ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಎಂದು ನಾವು ಕರೆಯುವ ಸಣ್ಣ ಬಿಲ್ಲೆಯೊಳಗಿನ ಬೇಗನೆ ಕರಗುವ ಲೋಹವು ಮಾಡುವುದೂ ಇದೇ ಕೆಲಸವನ್ನು. ಅದು ‘ಹೋಯಿತು’ ಎಂದು ನಾವು ಗೊಣಗುತ್ತೇವೆ. ಅದು ಹೋದದ್ದರಿಂದ ಏನೇನು ಉಳಿಯಿತೆಂಬುದನ್ನು ಎಣಿಸುವುದಿಲ್ಲ.

ವಿದ್ಯುತ್ತಿನ ಕಾಲ ಬಂದಾಗ ಸೀಸದ ಬಿರಟೆಯ ಸ್ಥಾನವನ್ನು ಫ್ಯೂಸ್ ತಂತಿ ಪಡೆಯಿತು. ಕರಗುವ ತಂತಿಯ ಕುರಿತು ಎಡಿಸನ್ ಹಕ್ಕುಪತ್ರ ಪಡೆದಿದ್ದನು. ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪಗಳು ಬಂದವು. ಹಳ್ಳಿಗಳಿಗೆ ಅದು ಬರಲು ಇನ್ನೂ ಅನೇಕ ದಶಕಗಳು ಬೇಕಾದವು. ಬಂದ ಮೇಲೆ ಪ್ರತಿ ಮನೆಯ ಮೀಟರಿನ ಪಕ್ಕದಲ್ಲಿ ಬಿಳಿಯ ಪಿಂಗಾಣಿಯ ಫ್ಯೂಸ್ ಕುಳಿತಿತು. ಪದೇ ಪದೇ ಫ್ಯೂಸ್ ಹೋಗುತ್ತದೆಂದು ಬೇಸತ್ತು ಅದರ ಜಾಗದಲ್ಲಿ ದಪ್ಪ ತಾಮ್ರದ ತಂತಿಯನ್ನು ಸುತ್ತುವ ಜಾಣರು ಊರೂರಿನಲ್ಲಿಯೂ ಇದ್ದರು. ದೀಪ ಉರಿಯುತ್ತಿತ್ತು, ನಿಜ. ಆದರೆ ಮುಂದೆ ದೋಷ ಬಂದಾಗ ಕರಗುವ ಸರದಿ ಗೋಡೆಯೊಳಗಿನ ತಂತಿಯದಾಗುತ್ತಿತ್ತು. ತರಗತಿಯಲ್ಲಿ ಈ ಪಾಠವನ್ನು ಹೇಳುವಾಗ, ಕೂಗಿ ಎಚ್ಚರಿಸುವವನ ಬಾಯಿ ಮುಚ್ಚಿಸಿದರೆ ಕಳ್ಳನು ಬಾರದಿರುವನೇ ಎಂದು ನಾನು ಕೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಇನ್ನು ಗಣಕಯಂತ್ರಕ್ಕೆ ಬರೋಣ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ ನಿರ್ಮಿಸಿದ ಎನಿಯಾಕ್ ಎಂಬ ಗಣಕವನ್ನು 1946ರ ಫೆಬ್ರವರಿಯಲ್ಲಿ ಲೋಕಕ್ಕೆ ಪರಿಚಯಿಸಲಾಯಿತು. ಅದರ ತೂಕ ಸುಮಾರು 30 ಟನ್. ಅದರೊಳಗೆ ಸುಮಾರು 18,000 ನಿರ್ವಾತ ನಳಿಗೆಗಳಿದ್ದವು. ಹಳೆಯ ರೇಡಿಯೋಗಳ ಹಿಂಬದಿಯಲ್ಲಿ ಕೆಂಪಗೆ ಹೊಳೆಯುತ್ತಿದ್ದ ವಾಲ್ವುಗಳನ್ನು ಕಂಡವರಿಗೆ ಇವು ಏನೆಂದು ತಿಳಿದೀತು. ಅಷ್ಟು ನಳಿಗೆಗಳು ಒಟ್ಟಾಗಿ ಕಾದರೆ ಉಂಟಾಗುವ ಶಾಖವನ್ನು ಊಹಿಸಿಕೊಳ್ಳಿ! ಅದು ಬಳಸುತ್ತಿದ್ದ ಸುಮಾರು 150 ಕಿಲೋವಾಟ್ ವಿದ್ಯುತ್ತು ಬಹುತೇಕ ಬಿಸಿಯಾಗಿಯೇ ಹೊರಬರುತ್ತಿತ್ತು. ಅದನ್ನು ಹೊರದೂಡಲು ದೊಡ್ಡ ಬೀಸಣಿಗೆಗಳಿದ್ದವು. ಅಷ್ಟು ಸಾಲದೆಂದು, ಶಾಖ ಮಿತಿಮೀರಿದರೆ ವಿದ್ಯುತ್ತನ್ನು ತಾನಾಗಿ ಕಡಿಯುವ ಉಷ್ಣಸ್ಥಾಪಕಗಳನ್ನೂ ಅದರಲ್ಲಿ ಅಳವಡಿಸಿದ್ದರು. ಹೀಗೆ ಬಿಸಿಯಾದರೆ ತಾನಾಗಿ ಆರುವ ಗುಣವು ವಿದ್ಯುನ್ಮಾನ ಗಣಕಕ್ಕೆ ಹುಟ್ಟಿನಿಂದಲೇ ಬಂದದ್ದು. ನಳಿಗೆಗಳು ಹೆಚ್ಚಾಗಿ ಕೆಡುತ್ತಿದ್ದುದು ಯಂತ್ರವನ್ನು ಆರಿಸಿ ಹೊತ್ತಿಸುವಾಗ, ಅಂದರೆ ತಣಿಯುವ ಮತ್ತು ಕಾಯುವ ಸಮಯದಲ್ಲಿ. ಆದ್ದರಿಂದ ಸಾಧ್ಯವಾದಷ್ಟೂ ಅದನ್ನು ಆರಿಸದೆ ಇಡುತ್ತಿದ್ದರು. ಎಕರ್ಟನು ನಳಿಗೆಗಳನ್ನು ಅವುಗಳ ಪೂರ್ಣ ಸಾಮರ್ಥ್ಯಕ್ಕಿಂತ ಕಡಮೆ ವೋಲ್ಟೇಜಿನಲ್ಲಿ ದುಡಿಸಿ ಅವುಗಳ ಆಯುಷ್ಯವನ್ನು ಹೆಚ್ಚಿಸಿದನು. ಎತ್ತಿಗೆ ಶಕ್ತಿಯಿದೆಯೆಂದು ಗಾಡಿ ಮುರಿಯುವಷ್ಟು ಹೇರುವುದು ರೈತನ ಲಕ್ಷಣವಲ್ಲ, ಅಲ್ಲವೇ?

ನಮ್ಮ ದೇಶದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಮುಂಬಯಿಯಲ್ಲಿ ನಿರ್ಮಿಸಿ 1960ರಲ್ಲಿ ಬಳಕೆಗೆ ತಂದ ಟಿಫ್ರಾಕ್ ಗಣಕದಲ್ಲಿಯೂ ಸುಮಾರು 2,700 ನಿರ್ವಾತ ನಳಿಗೆಗಳಿದ್ದವು. ಅಷ್ಟರಲ್ಲಿ ಕಾಲ ಬದಲಾಗುತ್ತಿತ್ತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತ್ತು. ಅದಕ್ಕೆ ಕೆಂಪಗೆ ಕಾಯುವ ಅಗತ್ಯವಿರಲಿಲ್ಲ. ಶಾಖದ ಪೀಡೆ ತೊಲಗಿತೆಂದೇ ಜನ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಪೀಡೆ ತೊಲಗಲಿಲ್ಲ, ರೂಪ ಬದಲಿಸಿತು. 1971ರಲ್ಲಿ ಬಂದ ಇಂಟೆಲ್ 4004 ಎಂಬ ಚಿಪ್ಪಿನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದವು. 1993ರ ಪೆಂಟಿಯಮ್ಮಿನಲ್ಲಿ ಅವು 31 ಲಕ್ಷವಾದವು. 2000ದಲ್ಲಿ ಬಂದ ಪೆಂಟಿಯಮ್ 4ರಲ್ಲಿ 4 ಕೋಟಿ 20 ಲಕ್ಷ. ಒಂದೊಂದೂ ಉಗುಳುವ ಬಿಸಿ ಅತ್ಯಲ್ಪ. ಆದರೆ ಹನಿಗೂಡಿದರೆ ಹಳ್ಳ. 2004ರ ಹೊತ್ತಿಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಚಿಪ್ಪೊಂದು ನೂರು ವಾಟಿನ ಬಲ್ಬಿನಷ್ಟು ಶಾಖವನ್ನು ಹೊಮ್ಮಿಸತೊಡಗಿತ್ತು. ಉರಿಯುವ ನೂರು ವಾಟ್ ಬಲ್ಬನ್ನು ಕೈಯಿಂದ ಮುಟ್ಟಿದವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ವೇಗವನ್ನು ಹೆಚ್ಚಿಸುತ್ತಲೇ ಹೋಗುವ ದಾರಿಯನ್ನು ಆ ವರ್ಷವೇ ಇಂಟೆಲ್ ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಎರಡು ಸಂಸ್ಕಾರಕಗಳನ್ನಿಡುವ ದಾರಿಯನ್ನು ಹಿಡಿಯಿತು. ಅದಕ್ಕೆ ಮೊದಲು, 2001ರಲ್ಲಿ, ಚಿಪ್ಪುಗಳ ಮೇಲಿನ ತಂಪುಕಾರಕವನ್ನು ಕಿತ್ತುಹಾಕಿ ಏನಾಗುವುದೆಂದು ಪರೀಕ್ಷಿಸಿದವರಿದ್ದರು. ಒಂದು ಚಿಪ್ಪು ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಬದುಕಿತು. ಕಾವಲಿಲ್ಲದ ಇನ್ನೊಂದು ಕ್ಷಣಗಳಲ್ಲಿ ಹೊಗೆಯಾಡಿ ಸತ್ತಿತು. ಬಳಿಕ ಇಂತಹ ಕಾವಲು ಸರ್ವಸಾಮಾನ್ಯವಾಯಿತು. ಚಿಪ್ಪು ಕಾದಂತೆ ಮೊದಲು ವೇಗವನ್ನು ತಗ್ಗಿಸುವುದು, ಸುಮಾರು ನೂರು ಡಿಗ್ರಿ ಸೆಲ್ಸಿಯಸ್‌ನ ಆಚೆಗೆ ಹೋದರೆ ಒಂದು ಮಾತೂ ಆಡದೆ ವಿದ್ಯುತ್ತನ್ನೇ ಕಡಿಯುವುದು, ಇದು ಅದರ ಕ್ರಮ. ಇದೇ ಟ್ರೆವಿಥಿಕ್ಕನ ಸೀಸದ ಬಿರಟೆ.

ಮೇಜಿನ ಮೇಲಿನ ಗಣಕಕ್ಕೆ ಗಾಳಿಯಾಡಲು ಸ್ಥಳವಿದೆ. ಲ್ಯಾಪ್‌ಟಾಪಿಗೆ ಅದಿಲ್ಲ. 1982ರಲ್ಲಿ ಬಂದ ಗ್ರಿಡ್ ಕಂಪಾಸ್ ಎಂಬ ಯಂತ್ರವು, ಇಂದಿನಂತೆ ಪುಸ್ತಕದ ಹಾಗೆ ಮಡಚುವ ಗಣಕಗಳಲ್ಲಿ ಮೊದಮೊದಲಿನದು. ಅದರ ಮೈಯನ್ನು ಮೆಗ್ನೀಶಿಯಂ ಲೋಹದಿಂದ ಮಾಡಿದ್ದುದರಿಂದ ಒಳಗಿನ ಬಿಸಿ ಮೈಯ ಮೂಲಕವೇ ಹೊರಹೋಗುತ್ತಿತ್ತು. ಅಮೆರಿಕದ ಗಗನನೌಕೆಯಲ್ಲಿ ಅದನ್ನು ಒಯ್ಯುವಾಗ ಒಂದು ಫ್ಯಾನನ್ನು ಸೇರಿಸಬೇಕಾಯಿತು. ಏಕೆಂದರೆ ತೂಕವಿಲ್ಲದ ಸ್ಥಿತಿಯಲ್ಲಿ ಬಿಸಿಗಾಳಿ ಮೇಲೇರುವುದಿಲ್ಲ. ಭೂಮಿಯ ಮೇಲೆ ನಮಗೆ ಅರಿವಿಲ್ಲದೆಯೇ ಗುರುತ್ವವು ನಮ್ಮ ಯಂತ್ರಗಳಿಗೆ ಗಾಳಿ ಬೀಸುತ್ತಿರುತ್ತದೆ! ಮುಂದೆ ಚಿಪ್ಪುಗಳ ಬಿಸಿ ಹೆಚ್ಚಾದಂತೆ ಲ್ಯಾಪ್‌ಟಾಪಿನೊಳಗೆ ತಾಮ್ರದ ಚಪ್ಪಟೆ ಕೊಳವೆ, ಅದರ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂತಹ ತಗಡುಗಳು, ಅವುಗಳಿಗೆ ಗಾಳಿಯೂದುವ ಅಂಗೈಗಿಂತ ಚಿಕ್ಕದಾದ ಫ್ಯಾನು, ಇವೆಲ್ಲ ಬಂದವು. ಚಿಪ್ಪಿಗೂ ತಾಮ್ರಕ್ಕೂ ನಡುವೆ ಗಾಳಿಯ ಪದರ ಉಳಿಯದಂತೆ ಥರ್ಮಲ್ ಪೇಸ್ಟ್ ಎಂಬ ಬೂದುಬಣ್ಣದ ಲೇಪವನ್ನು ಸವರುತ್ತಾರೆ. ಇದು ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ.

ಲ್ಯಾಪ್‌ಟಾಪಿಗೆ ಇನ್ನೊಬ್ಬ ಕಾವಲುಗಾರನಿದ್ದಾನೆ, ಬ್ಯಾಟರಿಯೊಳಗೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಸಂಸ್ಥೆ 1991ರಲ್ಲಿ ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಗುಡ್‌ಎನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಆಗ ಗುಡ್‌ಎನಫ್ ಅವರ ವಯಸ್ಸು 97. ಈ ಬ್ಯಾಟರಿ ಹಗುರ, ಆದರೆ ಕೋಪಿಷ್ಠ. ಅತಿಯಾಗಿ ತುಂಬಿದರೂ ಅತಿಯಾಗಿ ಬರಿದು ಮಾಡಿದರೂ ಅದಕ್ಕೆ ಆಗದು. ಆದ್ದರಿಂದ ಮಿತಿ ಮೀರಿದರೆ ಸಂಪರ್ಕ ಕಡಿಯುವ ಸಣ್ಣ ಮಂಡಲವೊಂದನ್ನು ಅದರೊಳಗೇ ಇಟ್ಟಿರುತ್ತಾರೆ. ಕೋಶದೊಳಗೇ ದೋಷವಿದ್ದರೆ ಈ ಕಾವಲೂ ಸಾಲದು. 2006ರಲ್ಲಿ ಬೆಂಕಿಯ ಭಯದಿಂದ ಡೆಲ್ ಸಂಸ್ಥೆಯೊಂದೇ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು.

ಇಷ್ಟು ಪೀಠಿಕೆಯ ಬಳಿಕ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಅಣ್ಣನವರು 2009ರಲ್ಲಿ ಒಂದು ಲ್ಯಾಪ್‌ಟಾಪನ್ನು ಕೊಂಡಿದ್ದರು. ನಿವೃತ್ತರಾದ ಮೇಲೆ ಅವರಿಗೆ ಇದ್ದ ಒಂದೇ ಹವ್ಯಾಸವೆಂದರೆ, ನಮ್ಮ ದೊಡ್ಡಮ್ಮನ ಮುಂದೆ ಕುಳಿತು ಅವರು ಹೇಳುವ ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ಧ್ವನಿಮುದ್ರಿಸಿಕೊಳ್ಳುವುದು. ಒಂದೊಂದು ಪದಕ್ಕೂ ಯಾವ ಶಾಸ್ತ್ರದಲ್ಲಿ, ಯಾವ ಹೊತ್ತಿನಲ್ಲಿ ಅದನ್ನು ಹೇಳುತ್ತಿದ್ದರೆಂಬ ಟಿಪ್ಪಣಿಯನ್ನು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಡುತ್ತಿದ್ದರು. ದೊಡ್ಡಮ್ಮ 2014ರಲ್ಲಿ ತೀರಿಕೊಂಡರು, ಅಣ್ಣ 2021ರಲ್ಲಿ. ಯಂತ್ರವು ಅಣ್ಣನ ಮಗನ ಬಳಿ ಉಳಿಯಿತು. ಹೊತ್ತಿಸಿದರೆ ಹೊತ್ತಿಕೊಳ್ಳುವುದು, ಸ್ವಲ್ಪ ಹೊತ್ತಿಗೆ ತಟ್ಟನೆ ಆರಿಹೋಗುವುದು. ಅವನು ತೋರಿಸಿದ ಅಂಗಡಿಯವರು ಅದನ್ನು ಬಿಚ್ಚಿಯೂ ನೋಡದೆ, ಬೋರ್ಡು ಸುಟ್ಟಿದೆ, ಇದರಲ್ಲಿ ಏನೂ ಉಳಿದಿಲ್ಲ ಎಂದರಂತೆ. “ಚಿಕ್ಕಪ್ಪ, ಇದನ್ನ ಗುಜರಿಗೆ ಹಾಕಿಬಿಡೋಣ ಅಂತಿದ್ದೀನಿ” ಎಂದು ಅವನು ಫೋನು ಮಾಡಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: “ಆರಿದ ಕೂಡಲೇ ಮತ್ತೆ ಹೊತ್ತಿಸಿದರೆ ಎಷ್ಟು ಹೊತ್ತು ಇರತ್ತಪ್ಪ?” ಅವನು ಅದನ್ನು ಗಮನಿಸಿರಲಿಲ್ಲ. “ಹಾಗಾದರೆ ಅದನ್ನು ಇಲ್ಲಿಗೆ ತಂದುಕೊಡು” ಎಂದೆ.

ಸುಟ್ಟುಹೋದದ್ದು ಹೊತ್ತಿಕೊಳ್ಳುವುದಿಲ್ಲ, ಹೊತ್ತಿಕೊಂಡು ಆರುವುದರಲ್ಲಿ ಒಂದು ಕ್ರಮವಿದ್ದರೆ ಕಾರಣವನ್ನು ಹುಡುಕಬಹುದು ಎಂಬುದಷ್ಟೇ ನನ್ನ ಬಂಡವಾಳ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಣಕಗಳ ದುರಸ್ತಿಯನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದಾನೆ. ಅವನನ್ನು ಮನೆಗೆ ಕರೆಸಿದೆ. “ಮೇಷ್ಟ್ರೇ, ರೋಗ ಆಮೇಲೆ, ಮೊದಲು ಒಳಗಿರೋದನ್ನ ಉಳಿಸಿಕೊಳ್ಳೋಣ” ಎಂದು ಅವನು ಹಾರ್ಡ್ ಡಿಸ್ಕನ್ನು ಹೊರತೆಗೆದು, ತನ್ನ ಯಂತ್ರಕ್ಕೆ ಯುಎಸ್‌ಬಿ ತಂತಿಯಿಂದ ಜೋಡಿಸಿ, ಎಲ್ಲವನ್ನೂ ನಕಲು ಮಾಡಿಕೊಂಡನು. ಇದು ಎಲ್ಲರೂ ನೆನಪಿಡಬೇಕಾದ ಮೊದಲ ನಿಯಮ. ಬೋರ್ಡು ಹೋದರೂ ಡಿಸ್ಕು ಬದುಕಿರಬಹುದು. ಧ್ವನಿಮುದ್ರಣಗಳು ಸಿಕ್ಕವು. ಆದರೆ ಟಿಪ್ಪಣಿಗಳು ಅವನ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡವು. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಅಕ್ಷರಶೈಲಿಗಳ ಹಣೆಬರಹವೇ ಇದು. ಆ ಶೈಲಿಯಿರುವ ಯಂತ್ರದಲ್ಲಿ ಮಾತ್ರ ಅವು ಕನ್ನಡ. ಅಣ್ಣನ ಬರವಣಿಗೆಯನ್ನು ಅಣ್ಣ ಬರೆದಂತೆಯೇ ಓದಲು ಅವರ ಯಂತ್ರವೇ ಎದ್ದು ಕೂರುವುದು ಒಳ್ಳೆಯದೆಂದು ಇಬ್ಬರಿಗೂ ಅನಿಸಿತು.

ಡಿಸ್ಕನ್ನು ಮರಳಿ ಜೋಡಿಸಿ ಪರೀಕ್ಷೆ ಆರಂಭಿಸಿದೆವು. ಬ್ಯಾಟರಿಯನ್ನು ತೆಗೆದು ನೋಡಿದರೆ ಅದರ ಹೊಟ್ಟೆ ಸ್ವಲ್ಪ ಉಬ್ಬಿತ್ತು. ಅದನ್ನು ಮತ್ತೆ ಹಾಕಲಿಲ್ಲ. ಬರಿಯ ಅಡಾಪ್ಟರಿನಿಂದ ನಡೆಸಿದಾಗಲೂ ಯಂತ್ರ ಆರಿತು. ಬೇರೊಂದು ಅಡಾಪ್ಟರ್ ಹಾಕಿದರೂ ಆರಿತು. ಅಲ್ಲಿಗೆ ಬ್ಯಾಟರಿ ಮತ್ತು ಅಡಾಪ್ಟರ್ ಈ ಆರುವಿಕೆಗೆ ಕಾರಣವಲ್ಲವೆಂದಾಯಿತು. ವಿಂಡೋಸ್ ತೆರೆಯುವ ಮೊದಲೇ ಬರುವ ಸೆಟಪ್ ಪುಟದಲ್ಲಿ ಸುಮ್ಮನೆ ನಿಲ್ಲಿಸಿದರೂ ಆರಿತು. ಅಲ್ಲಿಗೆ ತಂತ್ರಾಂಶದ ದೋಷವಲ್ಲವೆಂದಾಯಿತು. ಬಳಿಕ ನಾನು ಗಡಿಯಾರ ಹಿಡಿದು ಕುಳಿತೆ. ತಣ್ಣಗಿದ್ದಾಗ ಹೊತ್ತಿಸಿದರೆ 18 ನಿಮಿಷ. ಆರಿದೊಡನೆ ಮತ್ತೆ ಹೊತ್ತಿಸಿದರೆ 6 ನಿಮಿಷ. ಮರುದಿನ ಬೆಳಗಿನ ಜಾವದ ತಂಪಿನಲ್ಲಿ 25 ನಿಮಿಷ. ಈ ಮೂರು ಅಂಕಿಗಳೇ ರೋಗವನ್ನು ಹೇಳಿಬಿಟ್ಟವು. ಸಡಿಲವಾದ ತಂತಿಗೆ ಬೆಳಗು ಮಧ್ಯಾಹ್ನಗಳ ಭೇದವಿಲ್ಲ, ಶಾಖಕ್ಕೆ ಇದೆ. ಪಕ್ಕದ ಜಾಲರಿಗೆ ಅಂಗೈ ಒಡ್ಡಿದರೆ ಫ್ಯಾನಿನ ಸದ್ದು ಕೇಳುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ.

ಬಿಚ್ಚಿದಾಗ ಫ್ಯಾನಿಗೂ ತಾಮ್ರದ ತಗಡುಗಳಿಗೂ ನಡುವೆ ಧೂಳು ಕಂಬಳಿಯ ತುಂಡಿನಂತೆ ಹೆಣೆದುಕೊಂಡಿತ್ತು. ಅಣ್ಣನವರು ಮಂಚದ ಮೇಲೆ, ರಗ್ಗಿನ ಮೇಲೆ ಯಂತ್ರವನ್ನಿಟ್ಟು ಕೆಲಸ ಮಾಡುತ್ತಿದ್ದವರು. ಕೆಳಗಿನ ರಂಧ್ರಗಳು ಎಳೆದ ನೂಲೆಲ್ಲ ಅಲ್ಲಿ ಸೇರಿತ್ತು. ನನ್ನ ವಿದ್ಯಾರ್ಥಿ ಅದನ್ನು ಚಿಮಟದಿಂದ ಒಂದೇ ಪದರವಾಗಿ ಎತ್ತಿದನು. ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ಕುಂಚದಿಂದ ಸ್ವಚ್ಛಗೊಳಿಸಿದನು. ಚಿಪ್ಪಿನ ಮೇಲಿನ ಲೇಪ ಒಣಗಿ ಸುಣ್ಣದಂತಾಗಿತ್ತು. ಅದನ್ನು ಸ್ಪಿರಿಟ್ಟಿನಿಂದ ಒರೆಸಿ, ಬಟಾಣಿ ಕಾಳಿಗಿಂತ ಕಡಮೆ ಹೊಸ ಲೇಪವನ್ನಿಟ್ಟು ಮುಚ್ಚಿದನು. ಆ ಸಂಜೆ ಯಂತ್ರವು ಮೂರು ಗಂಟೆಗಳ ಕಾಲ ಆರದೆ ಉಳಿಯಿತು. ನಾವು ಮಾತನಾಡದೆ ದೊಡ್ಡಮ್ಮನ ಪದಗಳನ್ನು ಕೇಳುತ್ತ, ಅಣ್ಣನ ಟಿಪ್ಪಣಿಗಳನ್ನು ಓದುತ್ತ ಕುಳಿತೆವು. ಒಂದು ಪದದ ನಡುವೆ ದೊಡ್ಡಮ್ಮ ಕೆಮ್ಮುತ್ತಾರೆ. “ನೀರು ಕುಡೀರಿ ದೊಡ್ಡಮ್ಮ” ಎಂಬ ಅಣ್ಣನ ದನಿ ಕೇಳುತ್ತದೆ. ಅಣ್ಣನ ಮಗ ಆ ಒಂದು ಸಾಲನ್ನು ಎರಡು ಬಾರಿ ಹಾಕಿಸಿದನು.

ಬರೆಯುವ ಉದ್ದೇಶ ದುರಸ್ತಿಯ ಹೊಗಳಿಕೆಯಲ್ಲ. ಎಲ್ಲ ಯಂತ್ರಗಳೂ ಹೀಗೆ ಎದ್ದು ಕೂರುವುದಿಲ್ಲ. ಕೆಲವು ನಿಜವಾಗಿ ಸುಟ್ಟಿರುತ್ತವೆ. ಆದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎಸೆಯುವ ಮುನ್ನ ಒಂದು ಪ್ರಶ್ನೆಯನ್ನಾದರೂ ಕೇಳಬೇಕು: ಇದು ಮುರಿದು ನಿಂತಿತೋ, ಹಸಿದು ನಿಂತಿತೋ, ಕಾಪಾಡಲು ನಿಂತಿತೋ? ಉಬ್ಬಿದ ಬ್ಯಾಟರಿಯನ್ನು ಮಾತ್ರ ಯಾರೂ ಚುಚ್ಚಬಾರದು, ಒತ್ತಬಾರದು, ಮನೆಯ ಕಸದಲ್ಲಿ ಹಾಕಬಾರದು. ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಬೇಕು. ನಾವೂ ಹಾಗೆಯೇ ಮಾಡಿದೆವು.

ಕೊನೆಯದಾಗಿ ಬಂಧುಗಳಲ್ಲಿ ಒಂದು ಕೋರಿಕೆ. ಒಟ್ಟು 34 ಪದಗಳು ಉಳಿದಿವೆ. ಟಿಪ್ಪಣಿಗಳನ್ನು ಯೂನಿಕೋಡಿಗೆ ಬದಲಾಯಿಸುವ ಕೆಲಸ ನಡೆದಿದೆ. ಯುಗಾದಿಗೆ ಊರಿಗೆ ಬರುವವರು ಪೆನ್‌ಡ್ರೈವ್ ತಂದರೆ ಎಲ್ಲರಿಗೂ ಪ್ರತಿ ಕೊಡುತ್ತೇನೆ. ಅವುಗಳಲ್ಲಿ ಎರಡು ಪದಗಳಿಗೆ ದೊಡ್ಡಮ್ಮನೊಂದಿಗೆ ಇನ್ನೊಬ್ಬ ಹೆಣ್ಣುಮಗಳು ದನಿಗೂಡಿಸಿದ್ದಾರೆ. ಅಣ್ಣನ ಟಿಪ್ಪಣಿಯಲ್ಲಿ ಅವರ ಹೆಸರಿಲ್ಲ, “ಜೊತೆಯವರು” ಎಂದಷ್ಟೇ ಇದೆ. ಆ ದನಿ ಯಾರದೆಂದು ಬಲ್ಲವರು ದಯವಿಟ್ಟು ತಿಳಿಸಿ. ಅವರ ಹೆಸರೂ ಆ ಪದಗಳ ಪಕ್ಕದಲ್ಲಿ ಇರಬೇಕು.

ಇಂತು,
ನಿಮ್ಮ ಮೇಷ್ಟ್ರು